ಕೂರುವುದು ಬೇರೆ, ಕೂರಿಸುವುದು ಬೇರೆ

ಆರು ತಿಂಗಳ ಮಗುವನ್ನು ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿ ಎಂದು ನಾನು ಹೇಳಿದರೆ ಬಹಳಷ್ಟು ತಾಯಂದಿರು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಬೆನ್ನಿಗೊಂದು ಕೈ, ಎದೆಗೊಂದು ಕೈ ಕೊಟ್ಟು, ಮಗು ಅರ್ಧ ತುಂಬಿದ ರಾಗಿ ಚೀಲದಂತೆ ಒಂದು ಪಕ್ಕಕ್ಕೆ ಕುಸಿಯುತ್ತಿರುವಾಗಲೇ, “ನೋಡಿ ಮೇಡಂ, ಕೂತ್ಕೊಳ್ತಾನೆ” ಎನ್ನುತ್ತಾರೆ. ಕೈ ತೆಗೆಯಿರಿ ಎಂದರೆ ಮುಖ ಬಾಡುತ್ತದೆ. ಮನೆಯಲ್ಲಿ ಸುತ್ತಲೂ ದಿಂಬು ಇಟ್ಟು ದಿನಕ್ಕೆ ನಾಲ್ಕು ಸಲ ಅಭ್ಯಾಸ ಮಾಡಿಸಿದ್ದಾರೆ; ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇದೇ ವಯಸ್ಸಿನ ಇನ್ನೊಂದು ಮಗು ಕೂತಿರುವ ಫೋಟೊ ಬಂದಿದೆ.

‘ಕೂರು’ ಎಂಬ ಧಾತುವಿಗೆ ‘ಇಸು’ ಸೇರಿಸಿದರೆ ಪ್ರೇರಣಾರ್ಥಕವಾಗುತ್ತದೆ ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಮೊದಲನೆಯದು ಮಗು ಮಾಡುವ ಕೆಲಸ, ಎರಡನೆಯದು ದೊಡ್ಡವರು ಮಾಡುವ ಕೆಲಸ. ಮಗುವಿನ ಬೆಳವಣಿಗೆಯನ್ನು ಅಳೆಯುವಾಗ ನನಗೆ ಬೇಕಾಗಿರುವುದು ಮೊದಲನೆಯದು ಮಾತ್ರ. ಇಪ್ಪತ್ತು ವರ್ಷಗಳಿಂದ ಇದನ್ನು ಹೇಳುತ್ತ ಬಂದಿದ್ದೇನೆ, ಇನ್ನೊಮ್ಮೆ ಬರೆಯುವುದರಿಂದ ನಷ್ಟವೇನೂ ಇಲ್ಲ.

ಬೆನ್ನಿನ ಹತೋಟಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಕುತ್ತಿಗೆ ನಿಂತಿರುತ್ತದೆ, ಆಮೇಲೆ ಬೆನ್ನಿನ ಮೇಲ್ಭಾಗ, ಕೊನೆಗೆ ಸೊಂಟ. ಆರು ತಿಂಗಳ ಆಸುಪಾಸಿನಲ್ಲಿ ಎಷ್ಟೋ ಮಕ್ಕಳು ಎರಡು ಅಂಗೈಗಳನ್ನು ಮುಂದಕ್ಕೆ ಊರಿ, ಕಪ್ಪೆಯಂತೆ ಬಾಗಿ ಕೂರುತ್ತವೆ, ಅದು ಆ ವಯಸ್ಸಿಗೆ ಸರಿಯಾದ ಕೂರುವಿಕೆಯೇ. ಆದರೆ ಕೂರಲು ಬೆನ್ನೊಂದೇ ಸಾಲದು, ಬೀಳುವಾಗ ಕೈ ಅಡ್ಡ ಬರಬೇಕು. ಈ ರಕ್ಷಣೆಯೂ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ಮುಂದಕ್ಕೆ ಮತ್ತು ಪಕ್ಕಕ್ಕೆ ವಾಲಿದಾಗ ಕೈ ಚಾಚುವುದನ್ನು ಮಗು ಕಲಿಯುತ್ತದೆ, ಹಿಂದಕ್ಕೆ ಬೀಳುವಾಗ ಕೈ ಊರುವುದು ಎಲ್ಲಕ್ಕಿಂತ ಕೊನೆಗೆ, ಸುಮಾರಾಗಿ ಒಂಬತ್ತು ಹತ್ತು ತಿಂಗಳಿಗೆ. ದಿಂಬಿನ ಕೋಟೆಯಲ್ಲಿ ಕೂರಿಸಿದ ಮಗು ಹಿಂದಲೆಗೇ ಪೆಟ್ಟು ಮಾಡಿಕೊಂಡು ಬರುವುದು ಇದಕ್ಕಾಗಿ. “ಒಂದು ಕ್ಷಣ ಆ ಕಡೆ ತಿರುಗಿದೆ ಅಷ್ಟೇ” ಎಂದು ತಾಯಿ ತನ್ನನ್ನು ತಾನೇ ಶಪಿಸಿಕೊಳ್ಳುತ್ತಾಳೆ, ಆದರೆ ಅಲ್ಲಿ ತಪ್ಪಿದ್ದು ಅವಳ ಗಮನವಲ್ಲ, ಮಗುವಿನ ದೇಹಕ್ಕೆ ಇನ್ನೂ ಬಾರದ ವಿದ್ಯೆಯನ್ನು ಅದರ ಮೇಲೆ ಹೇರಿದ್ದು.

ಇಷ್ಟಕ್ಕೂ ಆರು ತಿಂಗಳಿಗೆ ಕೂರಲೇಬೇಕೆಂಬ ಗಡುವು ಎಲ್ಲಿಂದ ಬಂತು? ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸರೆಯಿಲ್ಲದೆ ಕೂರುವ ಹಂತ 3.8 ತಿಂಗಳಿನಿಂದ 9.2 ತಿಂಗಳವರೆಗೆ ಯಾವಾಗ ಬೇಕಾದರೂ ಬರಬಹುದು. ಐದು ತಿಂಗಳಿಗೂ ಮೀರಿದ ಅಂತರ ಅದು. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ನನ್ನ ಎರಡನೆಯ ಮಗಳೂ ಆ ಜಾತಿಯವಳೇ. ಕೂತಲ್ಲಿಂದಲೇ ಜರುಗಿ ಜರುಗಿ ಹೊಸ್ತಿಲವರೆಗೆ ಹೋಗುತ್ತಿದ್ದಳು. ಹೊಸ್ತಿಲು ದಾಟಿದಾಗ ಸಿಹಿ ಮಾಡಬೇಕೆಂದು ಕಾದಿದ್ದ ನನ್ನ ಅತ್ತೆಯವರು, ಇದನ್ನು ದಾಟಿದ್ದೆಂದು ಲೆಕ್ಕ ಹಾಕಬಹುದೇ ಎಂದು ನನ್ನನ್ನೇ ಕೇಳಿದ್ದರು. ಲೆಕ್ಕ ಹಾಕಿದೆವು, ಹೋಳಿಗೆಯನ್ನೂ ತಿಂದೆವು.

ಹಾಗಾದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಜನರಿಗೆ ಸಪ್ಪೆ ಎನಿಸುತ್ತದೆ. ನೆಲದ ಮೇಲೆ ಚಾಪೆ ಹಾಸಿ, ಮಗು ಎಚ್ಚರವಾಗಿದ್ದು ಖುಷಿಯಾಗಿರುವಾಗ ಬೋರಲು ಮಲಗಿಸಿ, ಎದುರಿಗೆ ನೀವೂ ಮಲಗಿ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ತೋಳು ಊರಿ ಎದೆ ಎತ್ತುವುದು, ಮಗುಚಿಕೊಳ್ಳುವುದು, ಹೊಟ್ಟೆಯ ಮೇಲೆ ಗಾಣದಂತೆ ಸುತ್ತುವುದು, ಇವೆಲ್ಲ ಸೇರಿಯೇ ಒಂದು ದಿನ ಮಗು ತಾನಾಗಿ ಎದ್ದು ಕೂರುತ್ತದೆ. ಈಗಿನ ಮಕ್ಕಳಿಗೆ ನೆಲವೇ ಸಿಗುವುದಿಲ್ಲ. ಮಡಿಲಿನಿಂದ ತೊಟ್ಟಿಲು, ತೊಟ್ಟಿಲಿನಿಂದ ಬೌನ್ಸರ್, ಅಲ್ಲಿಂದ ವಾಕರ್. ವಾಕರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲು ಮತ್ತು ಬಿಸಿ ಸಾರಿನ ಪಾತ್ರೆಯ ಬಳಿಗೆ ಮಾತ್ರ ಬೇಗ ತಲುಪಿಸುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಕೂರುವುದನ್ನೇ ದಿಟ್ಟಿಸುತ್ತಿರುವವರು ಕೈಯನ್ನು ನೋಡುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು. ನಾನು ಪರೀಕ್ಷೆಗೆ ನನ್ನ ಸ್ಕೂಟರಿನ ಕೀಲಿಗೊಂಚಲನ್ನೇ ಬಳಸುತ್ತೇನೆ. ಆರೇಳು ತಿಂಗಳ ಮಗು ಅದನ್ನು ಇಡೀ ಅಂಗೈಯಿಂದ ಬಾಚಿ ಹಿಡಿಯುತ್ತದೆ, ಬಾಯಿಗೆ ಒಯ್ಯುತ್ತದೆ, ಆಮೇಲೆ ಆ ಕೈಯಿಂದ ಈ ಕೈಗೆ ದಾಟಿಸುತ್ತದೆ. ದಾಟಿಸುವ ಆ ಕ್ಷಣದಲ್ಲಿ ಎರಡು ಕೈಯೂ ಗೊಂಚಲನ್ನು ಹಿಡಿದಿದ್ದು, ಯಾವುದನ್ನು ಬಿಡಬೇಕೆಂದು ಮಗು ಹುಬ್ಬು ಗಂಟಿಕ್ಕಿ ಯೋಚಿಸುವುದನ್ನು ನೋಡುವುದಕ್ಕಾಗಿಯೇ ನಾನು ಈ ವೃತ್ತಿಯಲ್ಲಿ ಉಳಿದಿದ್ದೇನೇನೋ! ಈ ವಯಸ್ಸಿನಲ್ಲಿ ಮಗು ಯಾವಾಗಲೂ ಒಂದೇ ಕೈಯನ್ನು ಚಾಚುತ್ತಿದ್ದು ಇನ್ನೊಂದು ಕೈ ಮುಷ್ಟಿ ಕಟ್ಟಿಯೇ ಇದ್ದರೆ, ಎಡಚನೋ ಬಲಚನೋ ಎಂದು ನಗದೆ ಕರೆದುಕೊಂಡು ಬನ್ನಿ. ಕುತ್ತಿಗೆ ಇನ್ನೂ ನಿಲ್ಲದಿರುವುದು, ಎತ್ತಿದಾಗ ಕಾಲುಗಳು ಬಿಗಿದು ಕತ್ತರಿಯಂತೆ ಅಡ್ಡಡ್ಡ ಹೋಗುವುದು, ಪಾತ್ರೆ ಬಿದ್ದರೂ ತಿರುಗದಿರುವುದು, ನಿಮ್ಮ ಮುಖ ನೋಡಿ ನಗದಿರುವುದು, ಇವುಗಳಿಗೂ ಇದೇ ಮಾತು.

ಇನ್ನೊಂದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ನಾಲ್ಕರಿಂದ ಎಂಟು ತಿಂಗಳ ನಡುವೆ ಕೆಲವು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಫಿಟ್ಸ್ ಇದೆ. ಮಗು ತಲೆ ಬಗ್ಗಿಸಿ, ಎರಡೂ ಕೈಗಳನ್ನು ಮುಂದಕ್ಕೆಸೆದು, ನಮಸ್ಕಾರ ಮಾಡಿದಂತೆ ಕ್ಷಣಕಾಲ ಮುದುಡಿಕೊಳ್ಳುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ, ಮತ್ತೆ, ಹೀಗೆ ಸರಣಿಯಾಗಿ, ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡಲೇ. ಬೆಚ್ಚಿಬಿತ್ತು, ದೃಷ್ಟಿಯಾಯಿತು, ಹೊಟ್ಟೆನೋವು ಎಂದು ಮನೆಯವರು ವಾರಗಟ್ಟಲೆ ಕಳೆಯುತ್ತಾರೆ, ಅಷ್ಟರಲ್ಲಿ ಮಗು ಬಂದಿದ್ದ ನಗುವನ್ನೂ ಕಳೆದುಕೊಂಡಿರುತ್ತದೆ. ಚಿಕಿತ್ಸೆ ತಡವಾದಷ್ಟೂ ಮಿದುಳಿಗೆ ಹಾನಿ ಹೆಚ್ಚು. ಹಾಗೆ ಕಂಡರೆ ಮೊಬೈಲಿನಲ್ಲಿ ವಿಡಿಯೊ ತೆಗೆದು ಅದೇ ದಿನ ವೈದ್ಯರಿಗೆ ತೋರಿಸಿ. ಬೆಚ್ಚಿಬೀಳುವ ಮಕ್ಕಳೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಬಹುತೇಕರಿಗೆ ಇರುವುದಿಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ನೀವೂ ಅಲ್ಲ, ನನ್ನ ಈ ಲೇಖನವೂ ಅಲ್ಲ.

ಸರ್ಕಾರಿ ಲಸಿಕೆಯ ವೇಳಾಪಟ್ಟಿಯಲ್ಲಿ ಹದಿನಾಲ್ಕು ವಾರದ ಚುಚ್ಚುಮದ್ದಾದ ಮೇಲೆ ಮುಂದಿನದು ಒಂಬತ್ತು ತಿಂಗಳಿಗೆ. ಅಂದರೆ ಮಗು ಅತ್ಯಂತ ವೇಗವಾಗಿ ಬದಲಾಗುವ ಈ ಅವಧಿಯಲ್ಲೇ ಅನೇಕ ಮಕ್ಕಳನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಆರನೇ ತಿಂಗಳಿಗೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, ತಾಯಿ ಮತ್ತು ಮಗುವಿನ ಆರೋಗ್ಯದ ವಿವರ ಬರೆದಿಡುವ ‘ತಾಯಿ ಕಾರ್ಡ್’ ಅನ್ನು ಹುಡುಕಿ ತೆಗೆದು, ಐದು ನಿಮಿಷ ಅವರೆದುರು ಕೂತು ಮಾತನಾಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಲೆಕ್ಕವೇ ಬೇರೆ. ತಿಪಟೂರು ಕಡೆಯ ಅಜ್ಜಿಯೊಬ್ಬರು ಏಳು ತಿಂಗಳ ಮೊಮ್ಮಗನನ್ನು ಕರೆತಂದು, “ಏಳು ತುಂಬಿತು ಡಾಕ್ಟರಮ್ಮ, ಇನ್ನೂ ಸೊಂಟ ನಿಂತಿಲ್ಲ” ಎಂದು ಕಣ್ಣೊರೆಸಿಕೊಂಡಿದ್ದರು. ಮಗು ಹುಟ್ಟಿದ್ದು ಎರಡು ತಿಂಗಳು ಮುಂಚೆ. ಆ ಎರಡನ್ನು ಕಳೆದು ಐದು ತಿಂಗಳೆಂದೇ ಎಣಿಸಬೇಕು, ಎರಡು ವರ್ಷ ತುಂಬುವವರೆಗೂ ಬೆಳವಣಿಗೆಯನ್ನು ಹೀಗೆಯೇ ಅಳೆಯುತ್ತೇವೆ ಎಂದು ವಿವರಿಸಿದೆ. “ಹುಟ್ಟಿದ ದಿನದಿಂದ ತಾನೇ ಅನ್ನ ನೀರು ಎಲ್ಲ?” ಎಂದು ಅನುಮಾನಿಸುತ್ತಲೇ ಹೋದರು.

ಮೂರು ತಿಂಗಳ ನಂತರ ಬಂದಾಗ ಅದೇ ಮಗು ಮೇಜಿನ ಮೇಲೆ ಯಾರ ಆಸರೆಯೂ ಇಲ್ಲದೆ ಕೂತು ನನ್ನ ಕೀಲಿಗೊಂಚಲನ್ನು ಕಸಿದುಕೊಂಡಿತು, ಕೆಳಕ್ಕೆ ಬೀಳಿಸಿತು, ಬಗ್ಗಿ ಅದು ಎಲ್ಲಿ ಹೋಯಿತೆಂದು ಹುಡುಕಿತು. ಅಜ್ಜಿ ಅದನ್ನು ನೋಡಲೇ ಇಲ್ಲ. ಮಗುವಿನ ಕೆಳತುಟಿಯನ್ನು ಬೆರಳಿನಿಂದ ಸರಿಸಿ ತೋರಿಸುತ್ತ, “ಪಕ್ಕದ್ಮನೆ ಹುಡುಗಿಗೆ ಆಗಲೇ ನಾಲ್ಕು ಹಲ್ಲು ಬಂದವೆ ಡಾಕ್ಟರಮ್ಮ” ಎಂದರು.