ಹುಳುವಿನ ಕೋಶದಿಂದ ನೊಣ ಬಂದಾಗ

ಕಡಜ ಒಂದು ಹುಳುವನ್ನು ತಂದು, ಕುಟುಕಿ ಕುಟುಕಿ ತನ್ನ ಹಾಗೇ ಮಾಡಿಕೊಳ್ಳುತ್ತದೆ ಎಂದು ಕೇಳಿದ್ದೀರಿ ಅಲ್ವಾ? ಅದಕ್ಕೆ ಕೀಟ-ಭ್ರಮರ ನ್ಯಾಯ ಅನ್ನೋ ಹೆಸರೂ ಇದೆ. ಹೋಲಿಕೆಯಾಗಿ ಸೊಗಸು. ಆದರೆ ಇದನ್ನು ನಿಜವೆಂದೇ ನಂಬಿದವರು ಈಗಲೂ ಸಿಗುತ್ತಾರೆ, ಅದೇ ನನಗೆ ಬೇಸರ. ಮಣ್ಣಿನ ಗೂಡಿನಲ್ಲಿ ಕಡಜದ ಮೊಟ್ಟೆಯೂ ಇರುತ್ತದೆ. ಅದರಿಂದ ಬಂದ ಮರಿ, ಮರಗಟ್ಟಿ ಬಿದ್ದ ಹುಳುವನ್ನು ತಿಂದು ಬೆಳೆಯುತ್ತದೆ. ಕಡಜವಾಗಿ ಹೊರಗೆ ಬರುವುದು ಹುಳುವಲ್ಲ, ಅದನ್ನು ತಿಂದ ಮರಿ.

ಇಂಥದ್ದೇ ಗೊಂದಲವನ್ನು ಸುಮಾರು 350 ವರ್ಷಗಳ ಹಿಂದೆ ಎದುರಿಸಿದವರು ಮರಿಯಾ ಸಿಬಿಲಾ ಮೆರಿಯನ್, ಕೀಟಗಳನ್ನು ಗಮನಿಸಿ ಚಿತ್ರ ಬರೆಯುತ್ತಿದ್ದ ಜರ್ಮನಿಯ ಹೆಂಗಸು. 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದವರು. ಮಲತಂದೆ ಚಿತ್ರಕಾರ. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ಗಮನಿಸತೊಡಗಿದರು. ಕೆಸರಿನಿಂದ, ಕೊಳೆತ ಮಾಂಸದಿಂದ ಹುಳುಗಳು ತಾವಾಗೇ ಹುಟ್ಟುತ್ತವೆ ಎಂದು ಯುರೋಪಿನಲ್ಲಿ ಬಹಳ ಜನ ನಂಬಿದ್ದ ಕಾಲ ಅದು. ಇಟಲಿಯ ಫ್ರಾಂಚೆಸ್ಕೊ ರೆಡಿ ಮಾಂಸದ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಅದನ್ನು ಸುಳ್ಳೆಂದು ತೋರಿಸಿದ್ದು 1668ರಲ್ಲಿ, ಅಂದರೆ ಮೆರಿಯನ್ ಹುಳು ಸಾಕತೊಡಗಿ 8 ವರ್ಷ ಆದಮೇಲೆ.

1679ರಲ್ಲಿ ಮೆರಿಯನ್ ಕಂಬಳಿಹುಳುಗಳ ಬಗ್ಗೆ ಒಂದು ಪುಸ್ತಕ ತಂದರು. 50 ಚಿತ್ರಗಳು. ಹುಳು, ಕೋಶ, ಚಿಟ್ಟೆ, ಜೊತೆಗೆ ಆ ಹುಳು ತಿನ್ನುವ ಗಿಡ, ಎಲ್ಲ ಒಂದೇ ಹಾಳೆಯಲ್ಲಿ! ಸತ್ತ ಚಿಟ್ಟೆಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುವುದಕ್ಕಿಂತ ಇದು ಎಷ್ಟು ಬೇರೆ ನೋಡಿ.

ಕೆಲವು ಕೋಶಗಳಿಂದ ಮಾತ್ರ ಚಿಟ್ಟೆ ಬರಲಿಲ್ಲ, ನೊಣಗಳು ಬಂದವು. ಯಾಕೆಂದು ಅವರಿಗೆ ಬಗೆಹರಿಯಲಿಲ್ಲ. ಆದರೂ ನೊಣಗಳನ್ನು ಬಿಟ್ಟುಬಿಡಲಿಲ್ಲ, ಬರೆದಿಟ್ಟರು. ಇದಕ್ಕೇ ನನಗೆ ಅವರ ಮೇಲೆ ಜಾಸ್ತಿ ಗೌರವ.

ಆ ಒಗಟಿನ ಉತ್ತರ ನಮ್ಮ ರೇಷ್ಮೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಊಜಿ ನೊಣದ ಕಾಟಕ್ಕೇ ಹುಳುಮನೆಗೆ ನೈಲಾನ್ ಬಲೆ ಕಟ್ಟುತ್ತಾರೆ. ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಚರ್ಮ ಕೊರೆದು ಒಳಗೆ ಸೇರುತ್ತದೆ. ಮನೆಯವರಿಗೆ ಗೊತ್ತಿಲ್ಲದೆ ಅಟ್ಟ ಸೇರಿ, ಕಣಜದ ಭತ್ತ ಖಾಲಿ ಮಾಡುವ ಇಲಿಯ ಹಾಗೆ. ಇಂಥ ಮರಿಗಳಲ್ಲಿ ಎಷ್ಟೋ ಜಾತಿಯವು ಮೊದಲು ಕೊಬ್ಬನ್ನು ತಿಂದು, ಜೀವ ಹಿಡಿದಿರುವ ಅಂಗಗಳನ್ನು ಕೊನೆಗೆ ಮುಟ್ಟುತ್ತವೆ. ತೆಪ್ಪದ ಬಿದಿರನ್ನೇ ಮುರಿದು ಒಲೆಗೆ ಹಾಕುವವನು, ದಡ ಸೇರುವತನಕ ತೆಪ್ಪ ಮುಳುಗದ ಹಾಗೆ ನೋಡಿಕೊಳ್ಳಬೇಕಲ್ಲ! ಊಜಿಯ ಮರಿ ಕೊನೆಗೆ ಗೂಡನ್ನೇ ತೂತು ಮಾಡಿ ಹೊರಬೀಳುತ್ತದೆ. ಅಂಥ ಗೂಡಿನ ನೂಲು ಬಿಚ್ಚಲಾಗದು.

ಮೆರಿಯನ್ 52ನೇ ವಯಸ್ಸಿನಲ್ಲಿ, 1699ರಲ್ಲಿ, ಕಿರಿ ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದರು. ಅಲ್ಲಿನ ಗುಲಾಮ ಹೆಂಗಸರು ಹೇಳಿದ ಗಿಡಗಳ ಗುಣವನ್ನೂ ಬರೆದುಕೊಂಡರು. ಕಾಯಿಲೆ ಬಿದ್ದು 1701ರಲ್ಲಿ ಮರಳಿದರು. 1705ರಲ್ಲಿ ಬಂದ ಸುರಿನಾಮ್ ಪುಸ್ತಕದಲ್ಲಿ 60 ಚಿತ್ರಗಳಿವೆ. ಒಂದರಲ್ಲಿ ದೊಡ್ಡ ಜೇಡವೊಂದು ಪುಟ್ಟ ಹಕ್ಕಿಯನ್ನು ತಿನ್ನುತ್ತಿದೆ. ಮುಂದೆ ಬಂದ ಪಂಡಿತರು ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದರು. ಮೆರಿಯನ್ ತೀರಿಕೊಂಡು 146 ವರ್ಷವಾದ ಮೇಲೆ, 1863ರಲ್ಲಿ, ಇಂಗ್ಲೆಂಡಿನ ಜೀವಿಶಾಸ್ತ್ರಜ್ಞ ಹೆನ್ರಿ ಬೇಟ್ಸ್ ಅಮೆಜಾನ್ ಸೀಮೆಯಲ್ಲಿ ತಾನು ಕಂಡದ್ದನ್ನು ಪ್ರಕಟಿಸಿದರು. ಮರದ ಬಿರುಕಿನಲ್ಲೊಂದು ಬಲೆ, ಅದರಲ್ಲಿ ಸಿಕ್ಕಿಬಿದ್ದ ಎರಡು ಪುಟ್ಟ ಹಕ್ಕಿ, ಒಂದರ ಮೇಲೆ ಕೂತ ಜೇಡ.