ನಂಬರ್ ಒನ್ ಹಾಡು ಯಾವುದು? ಮೊದಲು ಎಣಿಸಿದ್ದು ಹೇಗೆ ಹೇಳಿ

ದಶಕದ ನೂರು ಒಳ್ಳೆಯ ಹಾಡು ಅಂತ ಕೇಳುಗರ ಓಟಿನಿಂದ ಒಂದು ಪಟ್ಟಿ ಬಂದರೆ ಸಾಕು, ಬೆಳಗಾವಿಯಲ್ಲಿ ಜಗಳಕ್ಕೆ ಬರ ಇರುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಹಾಡುವವರಿಗೆ ಒಂದು ತಕರಾರು, ಬ್ಯಾಂಡಿನವರಿಗೆ ಇನ್ನೊಂದು, ಹೀರೋಗಳ ಅಭಿಮಾನಿಗಳಿಗೆ ಹತ್ತು. ನಾನು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಗಣೇಶೋತ್ಸವ ಮಂಡಳಿಯವರೋ ಆರ್ಕೆಸ್ಟ್ರಾ ತಂಡದವರೋ ಇಂಥ ಓಟು ಇಟ್ಟಾಗ ಎಣಿಕೆಗೆ ನನ್ನನ್ನು ಕರೆಯುತ್ತಾರೆ. ಹಾಗಾಗಿ ಬೈಗುಳದಲ್ಲೂ ನನಗೊಂದು ಪಾಲು ಸಿಗುತ್ತದೆ. “ಸರ್, ಈ ಹಾಡು ನಲವತ್ತಕ್ಕ ಹೆಂಗ್ ಹೋತ್ರೀ? ಹತ್ತರೊಳಗ ಇರಬೇಕಿತ್ತಲ್ರೀ!”

ಇದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ. ಜಗಳ ಆಡುವುದಿದ್ದರೆ ನಿಯಮದ ಬಗ್ಗೆ ಆಡಿ, ಅದೂ ಓಟಿಗೆ ಮುಂಚೆ. ಯಾರನ್ನು ಕೇಳಿದಿರಿ, ಯಾವಾಗ ಕೇಳಿದಿರಿ, ಬಂದ ಚೀಟಿಗಳನ್ನು ಹೇಗೆ ಎಣಿಸಿದಿರಿ ಅನ್ನುವುದರಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ.

ಒಂದು ಲೆಕ್ಕ ಮಾಡೋಣ. ಪೆನ್ನು ಹಿಡಿದು ಓದಿದರೆ ಇನ್ನೂ ಒಳ್ಳೆಯದು. ನೂರು ಜನ ಇದ್ದಾರೆ, ಮೂರು ಹಾಡು ಇವೆ ಅಂದುಕೊಳ್ಳಿ. ಒಂದು ಕುಣಿತದ ಹಾಡು, ಒಂದು ಪ್ರೇಮಗೀತೆ, ಒಂದು ತತ್ವಪದ. 40 ಜನರಿಗೆ ಕುಣಿತದ ಹಾಡು ಮೊದಲು, ಆಮೇಲೆ ತತ್ವಪದ, ಕೊನೆಗೆ ಪ್ರೇಮಗೀತೆ. 35 ಜನರಿಗೆ ಪ್ರೇಮಗೀತೆ ಮೊದಲು, ಆಮೇಲೆ ತತ್ವಪದ, ಕುಣಿತ ಕೊನೆಗೆ. ಉಳಿದ 25 ಜನರಿಗೆ ತತ್ವಪದ ಮೊದಲು, ಆಮೇಲೆ ಪ್ರೇಮಗೀತೆ, ಕುಣಿತ ಕೊನೆಗೆ.

ತಲೆಗೊಂದೇ ಓಟು ಅಂದರೆ ಕುಣಿತದ ಹಾಡು 40 ಓಟಿನಿಂದ ಗೆಲ್ಲುತ್ತದೆ. ಮುಗೀತು ಅಂತೀರಾ? ತಡೀರಿ. ಅತಿ ಕಡಿಮೆ ಓಟಿನ ಹಾಡನ್ನು ಹೊರಗಿಟ್ಟು ಮತ್ತೆ ಕೇಳೋಣ. ತತ್ವಪದ ಹೊರಗೆ ಹೋಗುತ್ತದೆ. ಅದರ 25 ಜನ ಪ್ರೇಮಗೀತೆಗೆ ಬರುತ್ತಾರೆ. ಈಗ ಪ್ರೇಮಗೀತೆಗೆ 60, ಕುಣಿತಕ್ಕೆ 40. ಪ್ರೇಮಗೀತೆ ಗೆದ್ದಿತು. ಮೂರನೆಯ ದಾರಿ ಅಂಕ ಕೊಡುವುದು. ಮೊದಲ ಆಯ್ಕೆಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಕೂಡಿಸಿ ನೋಡಿ: ಕುಣಿತಕ್ಕೆ 180, ಪ್ರೇಮಗೀತೆಗೆ 195, ತತ್ವಪದಕ್ಕೆ 225. ಮೊದಲ ಎಣಿಕೆಯಲ್ಲಿ ಕೊನೆಗೆ ಬಿದ್ದಿದ್ದ ತತ್ವಪದ ಈಗ ನಂಬರ್ ಒನ್!

ಜನ ಅದೇ, ಅವರ ಇಷ್ಟ ಅದೇ, ಚೀಟಿಯೂ ಅದೇ. ಯಾರೂ ಮೋಸ ಮಾಡಿಲ್ಲ. ಗೆದ್ದವರು ಮಾತ್ರ ಮೂರು ಸಲಕ್ಕೆ ಮೂರು. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಾರೆ.

ಇದು ಹಳೆಯ ತಲೆನೋವು. ಅಂಕ ಕೊಡುವ ಪದ್ಧತಿಯನ್ನು ಫ್ರಾನ್ಸಿನ ಬೋರ್ಡಾ ಎಂಬ ವಿಜ್ಞಾನಿ 1770ರಲ್ಲೇ ಮುಂದಿಟ್ಟಿದ್ದ. ಅವನ ಕಾಲದವನೇ ಆದ ಕಾಂಡೊರ್ಸೆ 1785ರಲ್ಲಿ ಬೇರೆ ಅಳತೆ ಹೇಳಿದ: ಎರಡೆರಡು ಆಯ್ಕೆಗಳನ್ನೇ ಎದುರುಬದುರು ನಿಲ್ಲಿಸಿ, ಎಲ್ಲವನ್ನೂ ಸೋಲಿಸುವುದು ಯಾವುದು ನೋಡಿ ಅಂತ. ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದರೆ ತತ್ವಪದವೇ ಇಬ್ಬರನ್ನೂ ಸೋಲಿಸುತ್ತದೆ, 60-40 ಮತ್ತು 65-35. ಆಮೇಲೆ 1951ರಲ್ಲಿ ಅಮೆರಿಕದ ಕೆನೆತ್ ಆ್ಯರೊ ಒಂದು ಪ್ರಮೇಯ ಕೊಟ್ಟರು. ಮೂರು ಅಥವಾ ಹೆಚ್ಚು ಆಯ್ಕೆ ಇದ್ದಾಗ, ನ್ಯಾಯ ಅಂತ ನಮಗೆ ಅನ್ನಿಸುವ ಕೆಲವು ಸರಳ ಷರತ್ತುಗಳನ್ನೆಲ್ಲ ಒಟ್ಟಿಗೇ ಪಾಲಿಸುವ ಕ್ರಮಾಂಕದ ಪದ್ಧತಿ ಇರಲು ಸಾಧ್ಯವೇ ಇಲ್ಲ ಅಂತ ಅದು ತೋರಿಸುತ್ತದೆ. 1972ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂದರೆ ತಕರಾರೇ ಇಲ್ಲದ ಪಟ್ಟಿಗೆ ಕಾಯುವುದು ವ್ಯರ್ಥ.

ದೊಡ್ಡ ಪಟ್ಟಿಗಳಲ್ಲಿ ನೂರಾರು ಹಾಡುಗಳನ್ನು ಕ್ರಮವಾಗಿ ಬರೆಯಿರಿ ಅಂತ ಯಾರನ್ನೂ ಕೇಳಲು ಆಗುವುದಿಲ್ಲ. ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೊ ತನ್ನ ‘ಹಾಟೆಸ್ಟ್ 100’ ಪಟ್ಟಿಗೆ ಪ್ರತಿಯೊಬ್ಬರಿಗೂ ಹತ್ತು ಓಟು ಕೊಡುತ್ತದೆ. ಹತ್ತಕ್ಕೂ ತೂಕ ಒಂದೇ. ಸುಲಭ, ಆದರೆ ಇದಕ್ಕೂ ಒಂದು ಗುಣ ಇದೆ. ನೀವು ಪ್ರಾಣ ಬಿಡುವ ಹಾಡಿಗೂ, ಹತ್ತನೆಯ ಜಾಗ ಖಾಲಿ ಉಳಿಯಿತಲ್ಲ ಅಂತ ಸುಮ್ನೆ ಸೇರಿಸಿದ ಹಾಡಿಗೂ ಒಂದೇ ಬೆಲೆ. ಎಲ್ಲರಿಗೂ ಅಷ್ಟಿಷ್ಟು ಇಷ್ಟವಾದ ಹಾಡು ಮೇಲೇರುತ್ತದೆ. ಸ್ವಲ್ಪ ಜನ ಹುಚ್ಚರಂತೆ ಪ್ರೀತಿಸುವ ಹಾಡು ಕೆಳಗೆ ಉಳಿಯುತ್ತದೆ. ನನಗೆ ಈ ಪದ್ಧತಿ ಪರವಾಗಿಲ್ಲ ಅನ್ನಿಸುತ್ತದೆ, ಕಾರಣ ಎಣಿಸುವುದು ಸುಲಭ. ಇದು ಎಣಿಸುವವನ ಸ್ವಾರ್ಥ, ಒಪ್ಪುತ್ತೇನೆ.

ಈಗ ಬೆಳಗಾವಿಗೇ ಸೇರಿದ ತಂಟೆಗೆ ಬರೋಣ. 2016ರಲ್ಲಿ ಮರಾಠಿಯ ‘ಸೈರಾಟ್’ ಬಂತು. ಅಜಯ್-ಅತುಲ್ ಸಂಗೀತ. ಅದರ ‘ಝಿಂಗಾಟ್’ ಇಲ್ಲದ ಮೆರವಣಿಗೆ ನಮ್ಮೂರಲ್ಲಿ ಇತ್ತಾ? 2017ರಲ್ಲಿ ಅದೇ ಚಿತ್ರ ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಆಯಿತು, ಸಂಗೀತ ಅವರದೇ. 2018ರಲ್ಲಿ ಹಿಂದಿಯ ‘ಧಡಕ್’ನಲ್ಲೂ ಝಿಂಗಾಟ್ ಬಂತು. ಒಂದೇ ರಾಗ, ಮೂರು ಭಾಷೆ, ಮೂರು ವರ್ಷ, ದಶಕ ಮಾತ್ರ ಒಂದೇ. ಭಾಷೆಯ ಕಟ್ಟಿಲ್ಲದೆ ಓಟು ಕೇಳಿದರೆ ಈ ರಾಗದ ಅಭಿಮಾನಿಗಳು ಮೂರು ಕಡೆ ಹಂಚಿಹೋಗುತ್ತಾರೆ. ಕೂಡಿಸಿದ್ದರೆ ಮೇಲೆ ಇರಬೇಕಾದದ್ದು ಮೂರು ತುಂಡಾಗಿ ಕೆಳಗೆ ಬೀಳುತ್ತದೆ. ಕನ್ನಡ ಹಾಡು ಮಾತ್ರ ಅಂತ ಕಟ್ಟು ಹಾಕಿದರೆ ಇನ್ನೊಂದು ಪಜೀತಿ. ಚೀಟಿಯ ಮೇಲೆ ಬರೀ ‘ಝಿಂಗಾಟ್’ ಅಂತ ಬರೆದಿರುತ್ತಾರೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಯಾವ ಭಾಷೆಯದು? ಮನೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಕನ್ನಡ, ಸಿನಿಮಾ ಹಿಂದಿ ಅನ್ನುವ ಹುಡುಗನನ್ನು ಕೇಳಿದರೆ ಅವನೂ ಯೋಚನೆ ಮಾಡುತ್ತಾನೆ.

ಹಂಚಿಹೋಗುವ ತೊಂದರೆ ಒಂದೇ ಚಿತ್ರದ ಒಳಗೂ ಇದೆ. ‘ಮುಂಗಾರು ಮಳೆ’ಯಂಥ ಚಿತ್ರದಲ್ಲಿ ಯಾವ ಹಾಡು ಬಿಡುವುದು, ಯಾವುದು ಹಿಡಿಯುವುದು? ತಲೆಗೊಂದೇ ಓಟು ಇದ್ದರೆ ಅಂಥ ಚಿತ್ರದ ಹಾಡುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸೋಲುತ್ತವೆ. ಒಂದೇ ಹಿಟ್ ಹಾಡು ಇದ್ದ ಸಾಧಾರಣ ಚಿತ್ರ ಗೆದ್ದು ಹೋಗುತ್ತದೆ. ಹತ್ತು ಓಟು ಕೊಟ್ಟರೆ ಈ ಗೋಳು ಬಹಳ ಕಡಿಮೆಯಾಗುತ್ತದೆ.

ಚೀಟಿ ಓದುವ ಕೆಲಸದ ಬಗ್ಗೆ ಹೊರಗಿನವರಿಗೆ ಅಂದಾಜೇ ಇರುವುದಿಲ್ಲ. ಎಣಿಕೆಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ. ಒಬ್ಬರು ಹಾಡಿನ ಮೊದಲ ಸಾಲು ಬರೆಯುತ್ತಾರೆ, ಒಬ್ಬರು ಪಲ್ಲವಿಯ ನಡುವಿನ ಪದ, ಒಬ್ಬರು ಚಿತ್ರದ ಹೆಸರು. ಇನ್ನೊಬ್ಬರು ‘ಅಪ್ಪು ಸಾಂಗ್’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರಂತೂ ಒಂದು ಹಾಡಿಗೆ ಹತ್ತಾರು ಕಾಗುಣಿತ. ಕಂಪ್ಯೂಟರಿಗೆ ಹಾಗೇ ಕೊಟ್ಟರೆ ಅದು ಎಲ್ಲವನ್ನೂ ಬೇರೆಬೇರೆ ಹಾಡು ಅಂತ ಎಣಿಸುತ್ತದೆ. ಮನುಷ್ಯರೇ ಕೂತು ಒಂದು ಮಾಡಬೇಕು. ಆ ಹೊತ್ತಿನಲ್ಲಿ ಎಣಿಸುವವನ ಇಷ್ಟ ಒಳಗೆ ನುಸುಳಬಹುದು. ಹಾಗಾಗಿ ಇಬ್ಬರು ಬೇರೆಬೇರೆ ಕೂತು ಓದಬೇಕು, ಹೊಂದದೇ ಇದ್ದದ್ದನ್ನು ಮಾತ್ರ ಮೂರನೆಯವರ ಮುಂದಿಡಬೇಕು. ಇದರ ರಗಳೆಯೇ ಬೇಡ ಅಂತ ಸಿದ್ಧ ಪಟ್ಟಿ ಕೊಟ್ಟು ಟಿಕ್ ಮಾಡಿಸಿದರೆ, ಪಟ್ಟಿಯ ಮೇಲ್ಭಾಗದ ಹಾಡುಗಳಿಗೆ ಲಾಭ. ಜನ ಕೆಳಗಿನವರೆಗೂ ಓದುವುದಿಲ್ಲ. ಅಂಥ ಕಡೆ ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಪಟ್ಟಿ ಕಲಸಿ ಕೊಡಬೇಕು.

ದಶಕದ ಗಡಿ ಚಿಕ್ಕ ವಿಷಯ, ಆದರೂ ಹೇಳಿಬಿಡುತ್ತೇನೆ. 2000ದಿಂದ 2009 ಅಂದರೆ ‘ಯಜಮಾನ’ ಒಳಗೆ, ‘ಜಾಕಿ’ ಹೊರಗೆ. 2001ರಿಂದ 2010 ಅಂದರೆ ಉಲ್ಟಾ. ಯಾವುದಾದರೂ ಒಂದು ಇಟ್ಟುಕೊಳ್ಳಿ, ಮೊದಲೇ ಹೇಳಿ. ವರ್ಷದ ಪಟ್ಟಿಯಲ್ಲಿ ಮಾತ್ರ ಗಡಿ ನಿಜವಾಗಿ ನೋಯಿಸುತ್ತದೆ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ 2014ರ ಡಿಸೆಂಬರ್ 25. ‘ಕಿರಿಕ್ ಪಾರ್ಟಿ’ 2016ರ ಡಿಸೆಂಬರ್ 30. ಊರೆಲ್ಲ ಹಾಡಿದ್ದು ಮುಂದಿನ ವರ್ಷ, ದಾಖಲೆಯಲ್ಲಿ ಹಿಂದಿನ ವರ್ಷ. ದಶಕದ ಪಟ್ಟಿ ಈ ಅನ್ಯಾಯವನ್ನು ಸರಿ ಮಾಡುತ್ತದೆ. ದಶಕದ ಪಟ್ಟಿಗಳನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಕಾಲ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಟ್ರಿಪಲ್ ಜೆಯಲ್ಲಿ 2015ರ ಹಾಡುಗಳ ಓಟಿನಲ್ಲಿ ಟೇಮ್ ಇಂಪಾಲಾ ತಂಡದ ಒಂದು ಹಾಡು ನಾಲ್ಕನೆಯದಾಗಿತ್ತು. 2020ರ ಮಾರ್ಚ್‌ನಲ್ಲಿ ಇಡೀ ದಶಕದ ಪಟ್ಟಿ ಬಂದಾಗ ಅದೇ ಹಾಡು ಮೊದಲನೆಯದು. ಆ ವರ್ಷ ಅದನ್ನು ಹಿಂದೆ ಹಾಕಿದ್ದ ಮೂರೂ ಹಾಡುಗಳು ಈಗ ಅದರ ಹಿಂದೆ. ನಮ್ಮಲ್ಲೂ ನೋಡಿ. 2017ರ ‘ರಾಜಕುಮಾರ’ದ ‘ಬೊಂಬೆ ಹೇಳುತೈತೆ’ ಬಂದಾಗಲೇ ದೊಡ್ಡ ಹಿಟ್. ಆದರೆ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಆ ಹಾಡನ್ನು ಯಾರೂ ಮೊದಲಿನಂತೆ ಕೇಳಲಿಲ್ಲ. ಅದೇ ದಶಕದ ಓಟನ್ನು ಆ ದಿನಕ್ಕೆ ಮುಂಚೆ ಇಟ್ಟರೆ ಒಂದು ಪಟ್ಟಿ, ಆಮೇಲೆ ಇಟ್ಟರೆ ಇನ್ನೊಂದು. ಯಾವುದು ಸರಿ ಅಂತ ಕೇಳಬೇಡಿ, ಎರಡೂ ಸರಿ. ಪಟ್ಟಿಯ ಮೇಲೆ ಓಟು ನಡೆದ ತಿಂಗಳನ್ನು ಅಚ್ಚು ಹಾಕಿಸಿ, ಅಷ್ಟೇ.

ಅಭಿಮಾನಿ ಸಂಘಗಳ ವಿಷಯ. ಬೋರ್ಡಾನ ಬಗ್ಗೆ ಒಂದು ಮಾತಿದೆ: ಅಂಕದ ಪದ್ಧತಿಯಲ್ಲಿ ಎದುರಾಳಿಯನ್ನು ಬೇಕಂತಲೇ ಕೊನೆಗೆ ಹಾಕಬಹುದಲ್ಲ ಅಂತ ಕೇಳಿದ್ದಕ್ಕೆ, ನನ್ನ ಪದ್ಧತಿ ಪ್ರಾಮಾಣಿಕರಿಗೆ ಮಾತ್ರ ಅಂದನಂತೆ. ನಮ್ಮಲ್ಲಿ ಪ್ರಾಮಾಣಿಕರು ಇದ್ದಾರೆ, ಅವರ ಹೀರೋನ ಹಾಡು ಸೋಲುವವರೆಗೆ. ಆಸ್ಟ್ರೇಲಿಯಾದಲ್ಲೂ 2015ರ ಜನವರಿಯಲ್ಲಿ ಟೇಲರ್ ಸ್ವಿಫ್ಟ್ ಅವರ ಒಂದು ಹಾಡಿಗೆ ಹೊರಗಿನಿಂದ ದೊಡ್ಡ ಪ್ರಚಾರ ನಡೆದು, ಕೊನೆಗೆ ರೇಡಿಯೊದವರು ಅದನ್ನು ಓಟಿನಿಂದಲೇ ತೆಗೆದರು. ನಾನು ನೋಡುವುದು ಚೀಟಿಯ ಸಮಯವನ್ನು. ಒಂದೇ ಹೊತ್ತಿನಲ್ಲಿ, ಅದೇ ಹತ್ತು ಹಾಡು, ಅದೇ ಕ್ರಮದಲ್ಲಿ, ಅದೇ ಕಾಗುಣಿತದ ತಪ್ಪಿನ ಸಮೇತ ಸಾಲಾಗಿ ಬಂದರೆ ಯಾರೋ ಒಂದು ಕಡೆ ಕೂತು ಕಳಿಸುತ್ತಿದ್ದಾರೆ ಅಂತಲೇ ಅರ್ಥ. ತಪ್ಪು ಕಾಗುಣಿತ ಇಲ್ಲಿ ಬಹಳ ಉಪಕಾರಿ.

ಇನ್ನು ನಲವತ್ತನೆಯ ಸ್ಥಾನದ ಜಗಳ. ಒಂದು ಹಾಡಿಗೆ 81 ಓಟು ಬಂದಿದೆ ಅನ್ನಿ. 81ರ ವರ್ಗಮೂಲ 9. ಅದೇ ಊರಿನ, ಅದೇ ಬಗೆಯ ಬೇರೆ ಜನ ಓಟು ಹಾಕಿದ್ದರೆ, ಬರೀ ಆಕಸ್ಮಿಕದಿಂದಲೇ ಈ ಸಂಖ್ಯೆ 9ರಷ್ಟು ಹೆಚ್ಚುಕಡಿಮೆ ಆಗಬಹುದಿತ್ತು. ಪಟ್ಟಿಯ ನಡುವಿನಲ್ಲಿ ಒಂದು ಹಾಡಿಗೂ ಮುಂದಿನದಕ್ಕೂ ಇರುವ ಅಂತರ ಒಂದೋ ಎರಡೋ ಓಟು. ಹಾಗಾದರೆ ನಲವತ್ತು, ನಲವತ್ತೈದು, ಐವತ್ತು ಎಲ್ಲ ಒಂದೇ ಗುಂಪು. ತುದಿಯಲ್ಲಿ ಹಾಗಲ್ಲ. ಮೊದಲನೆಯದಕ್ಕೆ 900, ಎರಡನೆಯದಕ್ಕೆ 700 ಅಂದರೆ ಆಕಸ್ಮಿಕದ ಅಲುಗಾಟ 30ರ ಆಸುಪಾಸು (900ರ ವರ್ಗಮೂಲ), ಅಂತರ 200. ಅದು ನಿಜವಾದ ಗೆಲುವು. ಟ್ರಿಪಲ್ ಜೆಯ 2012ರ ಪಟ್ಟಿಯನ್ನು ಕೆಲವರು ಮುಂಚೆಯೇ ಊಹಿಸಿದ್ದರು. ಜನ ತಾವಾಗಿ ಹಂಚಿಕೊಂಡಿದ್ದ ಸ್ವಲ್ಪ ಓಟುಗಳನ್ನು ಮಾತ್ರ ಎಣಿಸಿ, ಮೊದಲ ಸ್ಥಾನವನ್ನು ಸರಿಯಾಗಿ ಹೇಳಿದರು. ನೂರರಲ್ಲಿ 92 ಹಾಡುಗಳನ್ನೂ ಹೇಳಿದರು. ಕೆಳಗಿನ ಕ್ರಮ ಮಾತ್ರ ಕೈಕೊಟ್ಟಿತು. ಕೈಕೊಡಲೇಬೇಕು.

ಓಟು ಲಕ್ಷಗಟ್ಟಲೆ ಬಂದಿದೆ, ಹಾಗಾಗಿ ಇದೇ ಜನಾಭಿಪ್ರಾಯ ಅನ್ನುವವರಿಗೆ 1936ರ ಅಮೆರಿಕದ ಅಧ್ಯಕ್ಷರ ಚುನಾವಣೆ ನೆನಪಿಸುತ್ತೇನೆ. ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ ಸುಮಾರು 24 ಲಕ್ಷ ಉತ್ತರ ಬಂದಿದ್ದವು. ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಅದು ಬರೆಯಿತು. ಅವರು 48ರಲ್ಲಿ 46 ರಾಜ್ಯ ಗೆದ್ದರು. ಉತ್ತರ ಕೊಟ್ಟವರು ಯಾರು ಅನ್ನುವುದು ಎಷ್ಟು ಜನ ಅನ್ನುವುದಕ್ಕಿಂತ ದೊಡ್ಡದು.

ನಮ್ಮ ಕಡೆಯ ಪಟ್ಟಿಗಳಲ್ಲಿ ಯಾರು ಇಲ್ಲ ಅಂತ ನೋಡಿದರೆ ನನಗೆ ಬೇಸರವಾಗುವುದು ಜಾನಪದದ ವಿಷಯಕ್ಕೆ. ನಾನು ಮೂಲತಃ ಜಮಖಂಡಿ ಕಡೆಯವನು. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಊರು ನಡುಗುವಂತೆ ಕೇಳಿಸುವ ಹಾಡುಗಳು ಸಿನಿಮಾದವಲ್ಲ. ಊರಿನ ಹುಡುಗರೇ ಕಟ್ಟಿ, ಸಣ್ಣ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ ಪದಗಳು. ಭಜನಾ ಮೇಳದ ಪದಗಳೂ ಹಾಗೇ. ಓಟಿನ ಪಟ್ಟಿ ತಯಾರಿಸುವವರು ಚಿತ್ರಗೀತೆ ಅಂತ ಶುರು ಮಾಡುತ್ತಾರೆ, ಅಲ್ಲಿಗೆ ಇವೆಲ್ಲ ಹೊರಗೆ.

1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ಶುರು ಮಾಡಿದ ‘ಬಿನಾಕಾ ಗೀತ್‌ಮಾಲಾ’ ಕೇಳುಗರ ಮಾತೊಂದನ್ನೇ ನಂಬಿ ಕೂರಲಿಲ್ಲ. ರೆಕಾರ್ಡ್ ಅಂಗಡಿಗಳ ಮಾರಾಟವನ್ನೂ ಕೇಳುಗರ ಸಂಘಗಳ ಅಭಿಪ್ರಾಯವನ್ನೂ ಸೇರಿಸಿ ಹಾಡುಗಳ ಸ್ಥಾನ ಹೇಳುತ್ತಿತ್ತು. ಒಂದು ಕಡೆ ತಪ್ಪಿದ್ದು ಇನ್ನೊಂದು ಕಡೆ ಸಿಗಲಿ ಅಂತ. ಕಳೆದ ದಶಕದಲ್ಲಿ ನಮ್ಮಲ್ಲಿ ಅಂಥ ಅಂಗಡಿ ಇತ್ತಾ ಅಂದರೆ, ಇತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿ. ಮುಧೋಳದಲ್ಲೋ ಗೋಕಾಕದಲ್ಲೋ ಯಾವ ಹಾಡು ನಿಜವಾಗಿ ಓಡುತ್ತಿತ್ತು ಅಂತ ಅಂಗಡಿಯವನಿಗೆ ಬಾಯಿಪಾಠ ಇತ್ತು. ಆ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ, ಅದು ಹೋಯಿತು. ಆದರೆ ಮದುವೆ ಬ್ಯಾಂಡಿನವರು ಇದ್ದಾರೆ. ಅವರಿಗೆ ಯಾವ ಹಾಡಿಗೆ ಎಷ್ಟು ಫರ್ಮಾಯಿಷ್ ಬರುತ್ತದೆ ಅಂತ ಗೊತ್ತು. ಆರ್ಕೆಸ್ಟ್ರಾದವರ ಹತ್ತಿರ ಒನ್ಸ್‌ಮೋರ್ ಬಿದ್ದ ಹಾಡುಗಳ ನೆನಪು ಇದೆ. ಇವರನ್ನೂ ಕೇಳಿ ಕೂಡಿಸಿದರೆ ಪಟ್ಟಿಯ ರೂಪವೇ ಬದಲಾಗುತ್ತದೆ.

ಈಗ ಮಂಡಳಿಯವರು ಓಟಿನ ಫಾರ್ಮ್ ಹಿಡಿದು ಬಂದರೆ ನಾನು ಬಹುಮಾನ ಏನು, ಸ್ಪಾನ್ಸರ್ ಯಾರು ಅಂತ ಕೇಳುವುದಿಲ್ಲ. ಸಿದ್ಧ ಹೆಸರುಗಳ ಕೆಳಗೆ ಖಾಲಿ ಸಾಲು ಎಷ್ಟು ಬಿಟ್ಟಿದ್ದೀರಿ ಅಂತ ಕೇಳುತ್ತೇನೆ. ಮೂರಕ್ಕಿಂತ ಕಡಿಮೆ ಇದ್ದರೆ ಫಾರ್ಮ್ ವಾಪಸ್.