ಉರಿಯೂತ ಅಂದ್ರೆ ಉಷ್ಣ ಅಲ್ಲ

‘ಹುಟ್ಟಿದಾಗ ಅಳದ ಕೂಸಿಗೆ ಅರಿಶಿನ ತೇದು ನೆಕ್ಕಿಸಿ, ಮಿದುಳಿನ ಉರಿಯೂತ ಇಳಿಯುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ.’ ಈ ಫಾರ್ವರ್ಡ್ ಹುಬ್ಬಳ್ಳಿ-ಧಾರವಾಡದ ಗ್ರೂಪುಗಳಲ್ಲಿ ಮತ್ತೆ ಸುತ್ತುತ್ತಿದೆ. ಕೆಳಗೆ ಒಬ್ಬರು ‘ಹೌದ್ರೀ, ಕೂಸಿಗೆ ಉಷ್ಣ ಆಗಿರತೈತಿ’ ಅಂದಿದ್ದಾರೆ. ಇನ್ನೊಬ್ಬರು ‘ನಂಜು ಏರಿರತೈತಿ’ ಅಂದಿದ್ದಾರೆ. ಎರಡೂ ಅಲ್ಲ.

ಉರಿ ಮತ್ತು ಊತ ಸೇರಿ ಉರಿಯೂತ. ಪದ ಚೆನ್ನಾಗಿಯೇ ಇದೆ. ಸುಮಾರು 2,000 ವರ್ಷದ ಹಿಂದೆ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪು, ಊತ, ಬಿಸಿ, ನೋವು. ಅದರಲ್ಲಿ ಎರಡನ್ನು ಕನ್ನಡ ಒಂದೇ ಪದದಲ್ಲಿ ಹಿಡಿದಿದೆ. ಇಂಗ್ಲಿಷಿನವರ ಇನ್‌ಫ್ಲಮೇಶನ್ ಕೂಡ ಬೆಂಕಿ ಹೊತ್ತಿಸು ಅನ್ನುವ ಲ್ಯಾಟಿನ್ ಮಾತಿನಿಂದಲೇ ಬಂದದ್ದು. ಜಾಲಿಮುಳ್ಳು ಚುಚ್ಚಿ ಬೆರಳಿಗೆ ಬಾವು ಬಂದಾಗ ಇದೆಲ್ಲ ಕಣ್ಣಿಗೇ ಕಾಣುತ್ತದೆ. ತೊಂದರೆ ಇರುವುದು ನಮ್ಮ ಕಿವಿಯಲ್ಲಿ. ‘ಉರಿ’ ಅಂತ ಕೇಳಿದ ಕೂಡಲೇ ತಲೆ ಉಷ್ಣ-ತಂಪಿನ ಲೆಕ್ಕಕ್ಕೆ ಹೊರಳುತ್ತದೆ. ಮಜ್ಜಿಗೆ ತಂಪು, ಪಪ್ಪಾಯಿ ಉಷ್ಣ ಅನ್ನುವ ಲೆಕ್ಕ ಅದು. ಇರಲಿ, ಅದನ್ನೇ ಹಿಡಿಯೋಣ. ಆ ಲೆಕ್ಕದಲ್ಲಿ ಅರಿಶಿನವೇ ಉಷ್ಣ! ಉಷ್ಣ ಆದ ಕೂಸಿಗೆ ಉಷ್ಣದ್ದನ್ನೇ ಕೊಡು ಅಂತ ಯಾವ ಅಜ್ಜಿ ಹೇಳುತ್ತಾಳೆ?

ನಂಜಿನ ಮಾತು, ಅಂದರೆ ಸೋಂಕಿನ ಮಾತು, ಬೇಗ ಮುಗಿಸಬಹುದು. ಹೊರಗಿನ ರೋಗಾಣು ಒಳಹೊಕ್ಕರೆ ಸೋಂಕು. ಪೆಟ್ಟು ಬಿದ್ದಾಗ ಮೈ ತಾನೇ ತೋರಿಸುವ ಪ್ರತಿಕ್ರಿಯೆ ಉರಿಯೂತ. ಉಳುಕಿದ ಕಾಲಿನಲ್ಲಿ ರೋಗಾಣು ಇರುವುದಿಲ್ಲ, ಬಾವು ಮಾತ್ರ ಬರುತ್ತದೆ ಅಲ್ವಾ?

ಈಗ ಕೂಸಿನ ಮಿದುಳು. ಹೆರಿಗೆಯ ಹೊತ್ತಿಗೆ ಆಮ್ಲಜನಕ ಸಾಲದೆ ಹೋದರೆ ಕೂಸು ಹುಟ್ಟಿದಾಗ ಅಳದೇ ಇರಬಹುದು, ಮಿದುಳಿಗೂ ಪೆಟ್ಟು ಬೀಳಬಹುದು. ಆ ಹಾನಿ ಒಂದೇ ಏಟಿಗೆ ಮುಗಿಯುವುದಿಲ್ಲ. ಮೊದಲು ಕೆಲವು ಜೀವಕೋಶ ಸಾಯುತ್ತವೆ. ಉಸಿರು, ರಕ್ತದ ಹರಿವು ಮರಳಿದ ಮೇಲೆ ಕೆಲವು ಗಂಟೆ ಎಲ್ಲ ಸರಿಯಾದಂತೆ ಕಾಣುತ್ತದೆ. ಆಮೇಲೆ ಎರಡನೇ ಪೆಟ್ಟು ಶುರು, ಅದು ದಿನಗಟ್ಟಲೆ ನಡೆಯುತ್ತದೆ. ಉರಿಯೂತದ ಕೈವಾಡ ಇಲ್ಲೇ ಜಾಸ್ತಿ. ಮೈಕ್ರೋಗ್ಲಿಯಾ ಅನ್ನುವ ಮಿದುಳಿನ ಕಾವಲು ಕೋಶಗಳು ಕೆರಳಿ ಸೈಟೊಕೈನ್ ಅನ್ನುವ, ಉರಿಯೂತ ಏರಿಸುವ ರಾಸಾಯನಿಕಗಳನ್ನು ಸುರಿಸುತ್ತವೆ, ಅದರಿಂದ ಪಕ್ಕದ ಒಳ್ಳೆಯ ಕೋಶಗಳೂ ಕೆಡುತ್ತವೆ. ಕೂಸಿನ ತಲೆ ಮುಟ್ಟಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಸತ್ತ ಕೋಶಗಳ ಕಸ ಬಳಿಯುವುದೂ ಇದೇ ಮೈಕ್ರೋಗ್ಲಿಯಾ. ಹಾಗಾಗಿ ಉರಿಯೂತವನ್ನು ಪೂರ್ತಿ ಅಡಗಿಸಿಬಿಟ್ಟರೆ ಒಳ್ಳೆಯದು ಅನ್ನುವಂತಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಉಂಟು. ಇಂಥ ಕೂಸುಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಚಿಕಿತ್ಸೆಯ ಹೆಸರೇ ಕೂಲಿಂಗ್. ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ, ಮೈಯ ತಾಪವನ್ನು 33-34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಹಾಗೇ ಇಡುತ್ತಾರೆ. ‘ನೋಡ್ರೀ, ಉಷ್ಣಕ್ಕ ತಂಪು ಮಾಡಿದ್ರು’ ಅನ್ನುವುದು ಸುಲಭ. ನಿಜವಾಗಿ ತಾಪ ಇಳಿದಾಗ ಮಿದುಳಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಾನಿ ನಿಧಾನವಾಗುತ್ತದೆ. ಅದೂ ಎಲ್ಲ ಕಡೆ ಫಲಿಸಿಲ್ಲ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 7 ಆಸ್ಪತ್ರೆಗಳಲ್ಲಿ 408 ಕೂಸುಗಳ ಮೇಲೆ ನಡೆದ ಹೆಲಿಕ್ಸ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಕೂಲಿಂಗ್ ಪಡೆದ ಗುಂಪಿನಲ್ಲೇ ಸಾವು ಜಾಸ್ತಿ ಇತ್ತು. ಮನೆಯಲ್ಲಾಗಲಿ, ಗದಗ-ಹಾವೇರಿಯಿಂದ ಹುಬ್ಬಳ್ಳಿಗೆ ಹೊರಟ ಗಾಡಿಯಲ್ಲಾಗಲಿ ನೀವಾಗಿಯೇ ಕೂಸಿಗೆ ತಂಪು ಮಾಡಲು ಹೋಗಬೇಡಿ. ಡಾಕ್ಟರು ಬೇರೆ ಹೇಳದ ಹೊರತು ಬೆಚ್ಚಗೇ ಇಡಬೇಕು.

ಕೂಲಿಂಗ್ ಒಂದೇ ಸಾಲದು ಅಂತಲೇ ಗಿಡಮೂಲದ ವಸ್ತುಗಳ ಹುಡುಕಾಟ ನಡೆದಿದೆ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಉಳ್ಳಾಗಡ್ಡಿಯಲ್ಲೂ ಇರುವ ಕ್ವೆರ್ಸೆಟಿನ್. ಪ್ರಯೋಗಗಳು ಹೆಚ್ಚಾಗಿ ಇಲಿಮರಿಗಳ ಮೇಲೆ. ಏಳು ದಿನದ ಮರಿಯ ಕತ್ತಿನ ಒಂದು ರಕ್ತನಾಳ ಕಟ್ಟಿ, ಬರೀ 8% ಆಮ್ಲಜನಕ ಇರುವ ಗಾಳಿಯಲ್ಲಿ ಇಡುತ್ತಾರೆ. ಆಮೇಲೆ, ಕೆಲವೊಮ್ಮೆ ಮೊದಲೇ, ಔಷಧ ಕೊಡುತ್ತಾರೆ. ಮೊದಲೇ ಕೊಟ್ಟು ಮಿದುಳು ಉಳಿಯಿತು ಅಂದರೆ ಹೆರಿಗೆ ಕೋಣೆಗೆ ಅದರಿಂದ ಏನು ಉಪಯೋಗ? ಯಾವ ಕೂಸು ಅಳುವುದಿಲ್ಲ ಅಂತ ಮೊದಲೇ ಗೊತ್ತಿರುತ್ತದೆಯೇ?

ಅಲ್ಲಿ ಬಳಸುವುದು ಬೇರ್ಪಡಿಸಿ, ಅಳೆದು ಕೊಟ್ಟ ಕರ್ಕ್ಯುಮಿನ್. ಅಡುಗೆಮನೆಯ ಅರಿಶಿನ ಪುಡಿಯಲ್ಲಿ ಅದು ನೂರಕ್ಕೆ ಸುಮಾರು ಮೂರು ಪಾಲು. ನೀರಿನಲ್ಲಿ ಕರಗುವುದಿಲ್ಲ, ಕರುಳು ಹೀರುವುದು ತೀರಾ ಕಡಿಮೆ, ಹೀರಿದ್ದನ್ನೂ ಯಕೃತ್ತು ಬೇಗ ಬದಲಾಯಿಸಿಬಿಡುತ್ತದೆ. ನಾಲಿಗೆಗೆ ಸವರಿದ್ದು ಮಿದುಳು ಮುಟ್ಟುವ ಮಾತು ದೂರ. ಉಸಿರಿಗೇ ಒದ್ದಾಡುವ ಕೂಸಿನ ಬಾಯಿಗೆ ಏನೇ ಹಾಕಿದರೂ ಶ್ವಾಸನಾಳಕ್ಕೆ ಇಳಿಯುವ ಭಯ ಬೇರೆ. ಅರಿಶಿನಕ್ಕೆ ಜೇನು ಸೇರಿಸುವವರೂ ಇದ್ದಾರೆ. ಜೇನಿನಿಂದ ಹಸುಗೂಸಿಗೆ ಬಾಟುಲಿಸಂ ಅನ್ನುವ, ಸ್ನಾಯುಗಳ ಬಲ ಕುಗ್ಗಿಸುವ ಅಪಾಯದ ಕಾಯಿಲೆ ಬರಬಹುದು. ವರ್ಷ ತುಂಬುವವರೆಗೆ ಅದು ಬೇಡವೇ ಬೇಡ.